ಚೀನೀ ವೈದ್ಯದಲ್ಲಿ ಒಣಕೆಮ್ಮಿಗೆ ಮೈಮೆನ್‌ಡಾಂಗ್ ಬೇರು ಯಾಕೆ ಕೊಡುತ್ತಾರೆ?

ಅದರಲ್ಲಿ ಲೋಳೆ ಜಾಸ್ತಿ, ಅದಕ್ಕೇ. ನಮ್ಮ ನರ್ಸರಿಗಳಲ್ಲಿ ಮೊಂಡೊ ಗ್ರಾಸ್ ಅಂತ ಸಿಗುತ್ತದಲ್ವಾ, ಅದೇ ಗಿಡದ ಬೇರುಗಡ್ಡೆ ಇದು. ಒಣಗಿದ್ದು ಸುಮಾರು 2 ಸೆಂಟಿಮೀಟರ್ ಉದ್ದ, ಎರಡೂ ತುದಿ ಚೂಪು, ತಿಳಿಹಳದಿ ಬಣ್ಣ. ನೆನೆಸಿದರೆ ಉಬ್ಬಿ ಮೆತ್ತಗಾಗುತ್ತದೆ. ಅಗಿದರೆ ಸಿಹಿ, ಅಂಟಂಟು.

ಇದರಲ್ಲಿರುವ ಪಾಲಿಸ್ಯಾಕರೈಡ್‌ಗಳು, ಅಂದರೆ ಸಕ್ಕರೆ ಅಣುಗಳ ಉದ್ದ ಸರಪಳಿಗಳು, ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಒಣಗಿ ಕೆರೆಯುವ ಗಂಟಲಿಗೆ ಇದರ ಕಷಾಯ ಹಿತ ಅನ್ನಿಸುತ್ತದೆ. ಚೀನೀ ವೈದ್ಯರ ಮಾತಲ್ಲಿ ಇದು ‘ಯಿನ್’, ಅಂದರೆ ಮೈಯೊಳಗಿನ ತಂಪು, ತೇವವನ್ನು ಹೆಚ್ಚಿಸುವ ಬೇರು.

ದಿನಕ್ಕೆ 6ರಿಂದ 12 ಗ್ರಾಂ ವಾಡಿಕೆ. ಕಫ ಕಟ್ಟಿದ ಕೆಮ್ಮಿಗೆ, ಭೇದಿ ಆಗುತ್ತಿರುವವರಿಗೆ ಅವರೂ ಇದನ್ನು ಕೊಡುವುದಿಲ್ಲ. ಸುಮ್ನೆ ತರಿಸಿಕೊಂಡು ಕುಡಿಯಬೇಡಿ. ಕೆಮ್ಮು ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ.