ಬಿದ್ದದ್ದನ್ನು ಮನೆಯಲ್ಲಿ ಹೇಳದ ಅಮ್ಮ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಈ ಅಮ್ಮನಿಗೆ ಎಪ್ಪತ್ತು ದಾಟಿದೆ. ಕರ್ಕೊಂಡು ಬಂದದ್ದು ಮಗ. "ಅಮ್ಮ ಮಂಕಾಗಿದ್ದಾರೆ, ಹೊಸಿಲು ದಾಟಲ್ಲ ಅಂತಾರೆ, ಖಿನ್ನತೆ ಇರಬಹುದಾ ನೋಡಿ" ಅಂದರು. ಅಮ್ಮ ಎದ್ದು ನನ್ನ ಆಪ್ತಸಮಾಲೋಚನೆ ಕೋಣೆಗೆ ಬರುವಾಗ ಮೊದಲು ಗೋಡೆ ಹಿಡಿದರು, ಆಮೇಲೆ ಮೇಜಿನ ಅಂಚು, ಆಮೇಲೆ ಕುರ್ಚಿಯ ಬೆನ್ನು. ನನಗೆ ಅಲ್ಲೇ ಅನುಮಾನ ಬಂತು.

ಮಗನನ್ನು ಹೊರಗೆ ಕೂರಿಸಿ ಮೂರು ಪ್ರಶ್ನೆ ಕೇಳಿದೆ. ಹೋದ ಒಂದು ವರ್ಷದಲ್ಲಿ ಬಿದ್ದಿದ್ದೀರಾ? ನಡೆಯುವಾಗ ಆಯ ತಪ್ಪುತ್ತಾ? ಬೀಳ್ತೀನಿ ಅನ್ನೋ ಭಯ ಇದೆಯಾ? ಮೂರಕ್ಕೂ ಹೌದು. ಬಚ್ಚಲಲ್ಲೇ ಎರಡು ಸಲ ಬಿದ್ದಿದ್ದರು. "ಹೇಳಿದರೆ ಸ್ನಾನಕ್ಕೂ ಒಬ್ಬಳನ್ನೇ ಬಿಡಲ್ಲಪ್ಪ, ಅದಕ್ಕೇ ಬಾಯಿ ಬಿಡಲಿಲ್ಲ." ಬಹಳ ಹಿರಿಯರ ಕಥೆ ಇದೇ. ಮನೆಯವರು ಗಾಬರಿಯಲ್ಲಿ ಗದರ್ತಾರೆ, ಇವರು ಮುಚ್ಚಿಡ್ತಾರೆ.

ತಲೆಸುತ್ತು ಯಾವಾಗ ಬರುತ್ತೆ ಅಂತ ಕೆದಕಿದಾಗ ಎರಡು ಬೇರೆ ಬೇರೆ ತೊಂದರೆ ಹೊರಬಂತು. ಹಾಸಿಗೆಯಿಂದ ಎದ್ದ ತಕ್ಷಣ ಕಣ್ಣು ಕತ್ತಲೆ. ಮಗ್ಗುಲು ಬದಲಿಸಿದರೆ ಕೋಣೆಯೇ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಲ್ಲುತ್ತೆ. ಮನಸ್ಸಿನ ಮಾತು ಆಮೇಲೆ, ಮೊದಲು ಡಾಕ್ಟರ ಹತ್ತಿರ ಹೋಗಿ ಅಂದೆ. ಮಲಗಿದ್ದಾಗ ಬಿಪಿ ನೋಡಿ, ನಿಂತ 3 ನಿಮಿಷದೊಳಗೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಣ್ಣು ಕತ್ತಲೆಗೆ ಕಾರಣ ಸಿಕ್ಕ ಹಾಗೆ. ಇವರಿಗೆ ಇಳಿದಿತ್ತು. ಬಿಪಿ ಮಾತ್ರೆ ಜೊತೆ ನಿದ್ದೆ ಮಾತ್ರೆಯೂ ನಡೀತಿತ್ತು. ಡಾಕ್ಟರು ಎರಡನ್ನೂ ಸರಿಮಾಡಿದರು. (ದಯವಿಟ್ಟು ನೀವೇ ನಿಲ್ಲಿಸಬೇಡಿ.) ಮಗ್ಗುಲಿನ ತಲೆಸುತ್ತು ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದ್ದರಿಂದ ಬಂದದ್ದು. ಅದಕ್ಕೆ ತಿಂಗಳುಗಟ್ಟಲೆ ಮಾತ್ರೆ ನುಂಗಿ ಉಪಯೋಗವಿಲ್ಲ, ಗೊತ್ತಿರುವವರು ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನು ವಾಪಸ್ ಕಳಿಸುತ್ತಾರೆ. ಎಪ್ಲಿ ವಿಧಾನ ಅಂತಾರೆ.

ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಯನ್ನೂ ಮಾಡಿಸಿದರು. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಇವರಿಗೆ ಜಾಸ್ತಿಯೇ ಹಿಡಿಯಿತು, ಹೆದರಿ ಕೂತೂ ಕೂತೂ ಕಾಲಿನ ಬಲ ಇಳಿದಿತ್ತು.

ಅಮ್ಮನಿಗೆ ಹೇಳಿದ್ದು: ಏಳುವ ಮೊದಲು ಹಾಸಿಗೆ ಅಂಚಲ್ಲಿ ಸ್ವಲ್ಪ ಕೂತು ಪಾದ ಆಡಿಸಿ, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ, ಕೋಲು ಬೇಕು ಅಂದರೆ ಹಿಡೀರಿ, ನಾಚಿಕೆ ಯಾಕೆ?

ಮಗನಿಗೆ ಹೇಳಲು ಜಾಸ್ತಿ ಇತ್ತು. ಬಚ್ಚಲಿಗೆ ಹಿಡಿಕೆ, ರಾತ್ರಿ ಓಡಾಡುವ ಕಡೆ ದೀಪ, ಇವೆಲ್ಲ ಸುಲಭ. ಕಷ್ಟದ್ದು, "ಬಿದ್ದರೆ ಹೇಳಮ್ಮ, ನಾನು ಬೈಯಲ್ಲ, ನಿನ್ನ ಓಡಾಟ ನಿಲ್ಲಿಸಲ್ಲ" ಅಂತ ಮಾತು ಕೊಟ್ಟು ಉಳಿಸಿಕೊಳ್ಳೋದು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಕಡೆ ಕೈಕಾಲು ಸೋತರೆ, ಒಂದೇ ವಸ್ತು ಎರಡಾಗಿ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಓಡಿ ಅಂತಲೂ ಹೇಳಿದೆ.

ಈಗ ಗೇಟಿನವರೆಗೆ ಒಬ್ಬರೇ ಹೋಗಿ ಬರ್ತಾರಂತೆ. ಮಂಕು ಇನ್ನೂ ಸ್ವಲ್ಪ ಇದೆ. ಅದನ್ನು ಮಾತಾಡೋಣ ಅಂತ ಮತ್ತೆ ಬರಹೇಳಿದ್ದೇನೆ.