ತಡವಾಗಿ ರಂಗಕ್ಕೆ ಬಂದ ಮಾರ್ಗರೆಟ್ ರುದರ್‌ಫೋರ್ಡ್ ಅಷ್ಟು ದೊಡ್ಡ ನಟಿ ಆದದ್ದು ಹೇಗೆ?
1892ರಲ್ಲಿ ಹುಟ್ಟಿದ ಮಾರ್ಗರೆಟ್ ಮೊದಲು ಪಿಯಾನೋ ಪಾಠ ಹೇಳಿಕೊಡುತ್ತಿದ್ದರು. 1925ರಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರಕ್ಕೆ ಬಂದಾಗ ಅವರಿಗೆ 33 ವರ್ಷ. ನಾಯಕಿಯ ಮುಖವಲ್ಲ ಅದು. ಆ ಜೋತುಬಿದ್ದ ಗಲ್ಲ, ಅಗಲ ಕಣ್ಣುಗಳನ್ನೇ ಬಂಡವಾಳ ಮಾಡಿಕೊಂಡರು.

1941ರ ‘ಬ್ಲೈತ್ ಸ್ಪಿರಿಟ್’ ನಾಟಕದಲ್ಲಿ ಪ್ರೇತಗಳನ್ನು ಕರೆಯುವ ಮೇಡಂ ಆರ್ಕಾಟಿ ಆದರು. 1945ರ ಸಿನಿಮಾದಲ್ಲೂ ಅವರೇ. ಅದರಲ್ಲಿ ಸೈಕಲ್ ತುಳಿಯುತ್ತಾ ಬರುವುದನ್ನು ನೋಡಿ: ನಗಿಸಬೇಕೆಂಬ ಆತುರವೇ ಇಲ್ಲ, ಪಾತ್ರವನ್ನು ಮನಸಾರೆ ನಂಬಿಬಿಟ್ಟಿದ್ದಾರೆ. ನನ್ನ ಪ್ರಕಾರ ಗುಟ್ಟು ಅದೇ.

1961ರಿಂದ ನಾಲ್ಕು ಚಿತ್ರಗಳಲ್ಲಿ ಪತ್ತೇದಾರಿ ಮಿಸ್ ಮಾರ್ಪಲ್. ಜೊತೆಗೆ ನಟಿಸಿದವರು ಸ್ವಂತ ಗಂಡ ಸ್ಟ್ರಿಂಗರ್ ಡೇವಿಸ್. ‘ದಿ ವಿಐಪಿಸ್’ ಚಿತ್ರದಲ್ಲಿ ಕೈ ಬರಿದಾದ ಡಚೆಸ್ ಪಾತ್ರಕ್ಕೆ ಪೋಷಕ ನಟಿಯ ಆಸ್ಕರ್ ಬಂದಾಗ ಅವರಿಗೆ 71 ವರ್ಷ!