ಟ್ಯಾಂಕಿನ ನೀರು ಚೆಲ್ಲುವ ಕಡೆ ಗೋಡೆಗೂ ಮಳೆನೀರಿನ ಪೈಪಿಗೂ ಬಿಳಿ ಪದರ ಕಟ್ಟುವುದೇಕೆ?

ಇದಕ್ಕೆ ಕಾರಣ ಮಳೆನೀರಲ್ಲ, ಓವರ್‌ಹೆಡ್ ಟ್ಯಾಂಕ್ ತುಂಬಿ ಹೊರಚೆಲ್ಲುವ ಕೊಳವೆಬಾವಿಯ ಗಡಸು ನೀರು. ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಆದರೆ ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಂಥ ಜಿಲ್ಲೆಯಲ್ಲಿ ಆಳದ ಬಂಡೆಯ ಬಿರುಕುಗಳಿಂದ ಮೇಲೆತ್ತುವ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಂಡೇ ಬರುತ್ತದೆ.

ನೆಲದೊಳಗೆ ನೀರಿನಲ್ಲಿ ಬೆರೆತ ಇಂಗಾಲದ ಡೈಆಕ್ಸೈಡ್ ಕ್ಯಾಲ್ಸಿಯಂ ಕರಗಿಯೇ ಇರುವಂತೆ ನೋಡಿಕೊಳ್ಳುತ್ತದೆ. ಆ ನೀರು ತಾರಸಿಯ ಬಿಸಿಲಿನಲ್ಲಿ ತೆಳ್ಳಗೆ ಹರಡಿದಾಗ ಆ ಅನಿಲ ಹೊರಟುಹೋಗಿ, ನೀರೂ ಆವಿಯಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನಲ್ಲಿರುವ ವಸ್ತುವೇ, ಉಳಿಯುತ್ತದೆ. ದಿನವೂ ಮೋಟಾರ್ ನಿಲ್ಲಿಸುವುದು ತಡವಾದರೆ ಪದರದ ಮೇಲೆ ಪದರ ಕೂತು, ತಾರಸಿಯ ನೀರು ಹೊರಹೋಗುವ ಪೈಪಿನ ಬಾಯಿ ಒರಟಾಗಿ ಕಿರಿದಾಗುತ್ತದೆ. ಆ ಒರಟಿಗೆ ಹೊಂಗೆಯ ಎಲೆ, ಬೇವಿನ ಕಡ್ಡಿ ಸಿಕ್ಕಿಕೊಂಡು, ಜೋರು ಮಳೆಗೆ ನೀರು ತಾರಸಿಯಲ್ಲೇ ನಿಂತು ಸೋರತೊಡಗುತ್ತದೆ.

ಸಜ್ಜದ ಅಡಿಯಲ್ಲಿ ಇಳಿಬೀಳುವ ಬಿಳಿ ಕಡ್ಡಿಗಳು ಮಾತ್ರ ಬೇರೆ: ಅವು ಸೋರಿದ ನೀರು ಕಾಂಕ್ರೀಟಿನೊಳಗಿನ ಸುಣ್ಣವನ್ನೇ ಕರಗಿಸಿ ತಂದವು. ಅಲ್ಲಿ ಉಜ್ಜಿ ಪ್ರಯೋಜನವಿಲ್ಲ, ಮೊದಲು ಸೋರಿಕೆ ನಿಲ್ಲಬೇಕು.

ಟ್ಯಾಂಕ್ ತುಂಬಿದೊಡನೆ ಮೋಟಾರ್ ತಾನೇ ನಿಲ್ಲುವ ಸ್ವಿಚ್ ಹಾಕಿಸಿದರೆ ಹೊಸ ಪದರ ಬಹುಮಟ್ಟಿಗೆ ತಪ್ಪುತ್ತದೆ. ಪಿವಿಸಿ ಪೈಪಿನ ಬಾಯಿಗೆ ಕಟ್ಟಿದ್ದನ್ನು ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿಟ್ಟು, ಮೆತ್ತಗಾದ ಮೇಲೆ ಉಜ್ಜಿ ತೆಗೆಯಬಹುದು. ಬಚ್ಚಲಿಗೆ ಬಳಸುವ ಆಸಿಡ್ ಅನ್ನು ದಯವಿಟ್ಟು ತಾರಸಿಗೆ ಸುರಿಯಬೇಡಿ. ಅದು ಪದರದ ಜೊತೆಗೆ ಸಿಮೆಂಟನ್ನೂ ತಿನ್ನುತ್ತದೆ.